ಹಲಸಿನ ಬೀಜದ ಬಾದಾಮಿ ಪಾಯಸ

ಕಷ್ಟದಲ್ಲಿ ಬೆಳೆದವರು ತಮ್ಮ ತಾಯಿಯ ಬಗ್ಗೆ ಬರೆಯುವಾಗ ತಪ್ಪದೆ ಒಂದು ಮಾತು ಬರೆಯುತ್ತಾರೆ. ಅವಳು ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ಉಂಡು, ಅದೂ ಉಳಿಯದ ದಿನ ಒಂದು ತಂಬಿಗೆ ನೀರು ಕುಡಿದು ಮಲಗುತ್ತಿದ್ದಳು ಎಂದು. ಓದಿದವರ ಕಣ್ಣು ಒದ್ದೆಯಾಗುತ್ತದೆ. ನನಗೆ ಆ ಭಾಗ್ಯವಿಲ್ಲ. ನಮ್ಮವ್ವ ಎಲ್ಲರಿಗಿಂತ ಮೊದಲೇ ಉಣ್ಣುತ್ತಿದ್ದಳು. ಒಲೆಯ ಪಕ್ಕ ಮಣೆ ಹಾಕಿಕೊಂಡು, ಬಿಸಿಬಿಸಿಯಾಗಿ, ಯಾರ ಮುಲಾಜೂ ಇಲ್ಲದೆ. ಅಪ್ಪ ಒಮ್ಮೆ ಬಾಗಿಲಲ್ಲಿ ನಿಂತು ಕೆಮ್ಮಿದಾಗ ಅವಳು ತಲೆಯೆತ್ತದೆ ಹೇಳಿದ್ದು ನನಗೆ ನೆನಪಿದೆ.

"ಹಸಿದು ಬಡಿಸಿದ್ರೆ ಕೈ ಬಿಗಿ ಆಗುತ್ತೆ. ನನ್ನ ಹೊಟ್ಟೆ ತುಂಬಿದ್ರೆ ನಿಮಗೇ ಒಂದು ಸೌಟು ಜಾಸ್ತಿ ಬೀಳೋದು."

ಅಪ್ಪ ಇದನ್ನು ಯೋಚಿಸಿ ನೋಡಿ, ಲಾಭ ತಮಗೇ ಎಂದು ಕಂಡು, ಸುಮ್ಮನಾದರು.

ಅದು ಯುದ್ಧದ ಕಾಲ. ಅಪ್ಪ ಗೋಣಿಬೀಡಿನಿಂದ ಎರಡು ಮೈಲಿ ಒಳಗಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಕತೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಎಸ್ಟೇಟು ಕೊಟ್ಟ ಎರಡೂವರೆ ಕೋಣೆಯ ಮನೆಯಲ್ಲಿ ಅಪ್ಪ, ಅವ್ವ, ನಾನು, ನನ್ನ ಇಬ್ಬರು ತಂಗಿಯರು ಇದ್ದೆವು. ಅಕ್ಕನನ್ನು ಕಳಸದ ಕಡೆ ಕೊಟ್ಟಾಗಿತ್ತು. ನನಗೆ ಆಗ ಹನ್ನೊಂದು ವರ್ಷವಿರಬಹುದು. ಜರ್ಮನಿಯವರಿಗೂ ನಮಗೂ ಯಾವ ಜಗಳವೂ ಇರಲಿಲ್ಲ. ಆದರೂ ಅವರ ಯುದ್ಧಕ್ಕೆ ನಮ್ಮ ಅಕ್ಕಿ ಹೋಗಬೇಕಾಗಿ ಬಂತು. ಮನೆಮನೆಗೂ ಕಾರ್ಡು ಕೊಟ್ಟರು. ತಲೆಗೆ ಇಂತಿಷ್ಟು ಎಂದು ಡಿಪೋದಲ್ಲಿ ಅಳೆದು ಹಾಕುತ್ತಿದ್ದರು. ಆ ಅಕ್ಕಿಯ ಬಗ್ಗೆ ದೂರು ಹೇಳುವುದು ಸರಿಯಲ್ಲ. ಕಲ್ಲು, ಹೊಟ್ಟು, ಮಣ್ಣಿನ ಹೆಂಟೆ, ಹುಳಗಳ ಜೊತೆಗೆ ಅದರಲ್ಲಿ ಅಕ್ಕಿಯೂ ಇರುತ್ತಿತ್ತು.

ಅವ್ವ ಈ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಎರಡು ಭಾಗ ಮಾಡುತ್ತಿದ್ದಳು. ನುಚ್ಚು ನಮಗೆ. ಒಡೆಯದ ಇಡೀ ಕಾಳು ಎಲ್ಲಿಗೆ ಹೋಗುತ್ತಿತ್ತು ಎಂದು ನಾವು ಕೇಳುತ್ತಿರಲಿಲ್ಲ, ಏಕೆಂದರೆ ಇಡೀ ಕಾಳು ಒಂದು ಹಿಡಿ ಸಿಕ್ಕರೆ ಹೆಚ್ಚು. ಉಳಿದ ಊಟವನ್ನು ಅವಳು ತೋಟದಿಂದ ಹೊಂದಿಸುತ್ತಿದ್ದಳು. ಎಸ್ಟೇಟಿನಲ್ಲಿ ಕಾಫಿ, ಮೆಣಸು, ಏಲಕ್ಕಿ ದೊರೆಗಳದ್ದು. ಆದರೆ ನೆರಳಿಗೆಂದು ಬಿಟ್ಟ ಹಲಸಿನ ಮರ ಹಣ್ಣು ಬಿಟ್ಟರೆ ಅದು ಮಂಗಗಳದ್ದು, ಮಂಗ ತಿಂದು ಬಿಸಾಡಿದ ಬೀಜ ಅವ್ವನದು. ತೋಡಿನ ಬದಿಯ ಕೆಸುವಿನ ಎಲೆ, ಗೊನೆ ಕಡಿದ ಮೇಲೆ ಉಳಿದ ಬಾಳೆದಿಂಡು, ಗದ್ದೆ ಬದುವಿನ ಒಂದೆಲಗ, ಮಳೆಗಾಲದ ಕಳಲೆ, ಇವಕ್ಕೆಲ್ಲ ಕಾರ್ಡು ಬೇಕಿರಲಿಲ್ಲ. ಸರ್ಕಾರಕ್ಕೆ ಇವು ತಿನ್ನುವ ವಸ್ತು ಎಂದು ಇನ್ನೂ ಗೊತ್ತಾಗಿರಲಿಲ್ಲ.

ಅವ್ವನ ನಿಜವಾದ ವಿದ್ಯೆ ಒಗ್ಗರಣೆಯಲ್ಲಿತ್ತು. ಮನೆಯಲ್ಲಿದ್ದ ಒಂದು ಹಸು ಮನಸ್ಸು ಬಂದಷ್ಟು ಹಾಲು ಕೊಡುತ್ತಿತ್ತು, ಅದರಲ್ಲಿ ತುಪ್ಪ ಎಂದರೆ ವಾರಕ್ಕೆ ಒಂದು ಸಣ್ಣ ಬಟ್ಟಲು. ಅವಳು ಅಡಿಗೆ ಮಾಡುವಾಗ ತುಪ್ಪ ಮುಟ್ಟುತ್ತಲೇ ಇರಲಿಲ್ಲ. ನಾವೆಲ್ಲ ತಟ್ಟೆ ಮುಂದೆ ಕೂತ ಮೇಲೆ, ನಮ್ಮ ಎದುರಿಗೇ ಕಬ್ಬಿಣದ ಸೌಟನ್ನು ಕೆಂಡದ ಮೇಲಿಟ್ಟು, ಅರ್ಧ ಚಮಚ ತುಪ್ಪಕ್ಕೆ ಜಜ್ಜಿದ ಬೆಳ್ಳುಳ್ಳಿ, ಸೂಜಿಮೆಣಸು ಹಾಕಿ, ಚೊಯ್ ಎನ್ನಿಸಿ ಪಾತ್ರೆಗೆ ಸುರಿಯುತ್ತಿದ್ದಳು. ಅರ್ಧ ಚಮಚ ತುಪ್ಪ ಮೂಗಿಗೆ ಅರ್ಧ ಸೇರಾಗಿ ಕಾಣುತ್ತಿತ್ತು. ಆ ಪರಿಮಳ ನಮ್ಮ ಮನೆ ದಾಟಿ, ಪಕ್ಕದ ಮೇಸ್ತ್ರಿ ಮನೆ ದಾಟಿ, ಆಳುಗಳ ಲೈನ್ ಮನೆಗಳವರೆಗೂ ಹೋಗುತ್ತಿತ್ತು. ಊರಿಗೆಲ್ಲ ನುಚ್ಚಿನ ಗಂಜಿಯಾದರೆ ರೈಟರ ಮನೆಯಲ್ಲಿ ದಿನಾ ಹಬ್ಬ ಎಂಬ ಹೆಸರು ಬಂತು. ಹೆಸರು ಬಂದ ಮನೆಗೆ ನೆಂಟರು ಬರುವುದು ತಡವಾಗುವುದಿಲ್ಲ.

ಬಂದವರು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೈಸೂರಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಅಲ್ಲಿ ಅರಮನೆಯ ಉಗ್ರಾಣ ತಮ್ಮ ಕೈಯಲ್ಲಿತ್ತು ಎಂದು ಅವರೇ ಹೇಳುತ್ತಿದ್ದರು. ಯಾವುದೋ ಛತ್ರದ ಉಗ್ರಾಣ ಎಂದು ಅಪ್ಪ ಅವ್ವನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ದೊಡ್ಡಪ್ಪನ ಗಾತ್ರ ನೋಡಿದರೆ ಉಗ್ರಾಣ ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಅವರ ಉದ್ದಕ್ಕೆ ಮನೆಯಲ್ಲಿ ಹೊಂದಿದ್ದು ನಡುಮನೆಯ ಹಲಗೆ ಪೆಟ್ಟಿಗೆ ಒಂದೇ. ಅವ್ವ ಬೇಡವೆನ್ನುವ ಮೊದಲೇ ಅದರ ಮೇಲೆ ಹಾಸಿಗೆ ಬಿಡಿಸಿಕೊಂಡು, "ಇದು ಸಾಕಮ್ಮಾ, ನನಗೆ ಬೇರೆ ಎಂತದೂ ಬೇಡ" ಎಂದು ಉದಾರವಾಗಿ ಒಪ್ಪಿಕೊಂಡರು.

ಮೊದಲ ದಿನ ಅವ್ವ ಹಲಸಿನ ಬೀಜದ ಸಾರು ಮಾಡಿದ್ದಳು. ದೊಡ್ಡಪ್ಪ ಒಂದು ಬೀಜವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಬೆಳಕಿಗೆ ತೋರಿಸಿ, ತಟ್ಟೆಯ ಅಂಚಿಗಿಟ್ಟರು.

"ಇದನ್ನ ಮೈಸೂರಲ್ಲಿ ದನಕ್ಕೆ ಹಾಕ್ತಾರಮ್ಮಾ. ತಪ್ಪು ತಿಳ್ಕೋಬೇಡ. ನನಗೆ ವಾಯು ಆಗುತ್ತೆ."

"ಆಯ್ತು ಭಾವ" ಎಂದಳು ಅವ್ವ. ಅವಳು ಹೆಚ್ಚು ಮಾತಾಡದೆ ಒಪ್ಪಿಕೊಂಡಳೆಂದರೆ ಏನೋ ಕಾದಿದೆ ಎಂದೇ ಅರ್ಥ.

ಮಾರನೆಯ ದಿನ ಅವಳು ಅದೇ ಬೀಜಗಳನ್ನು ಕೆಂಡದಲ್ಲಿ ಸುಟ್ಟು, ಹೊರಸಿಪ್ಪೆ ಒಳಸಿಪ್ಪೆ ಎರಡೂ ತೆಗೆದು, ಬೇಯಿಸಿ, ಕಾಯಿಹಾಲು ಹಾಕಿ ಒರಳಲ್ಲಿ ಬೆಣ್ಣೆಯಂತೆ ತಿರುವಿದಳು. ಬೆಲ್ಲ, ಒಂದು ಏಲಕ್ಕಿ, ಕೊನೆಗೆ ಎಂದಿನಂತೆ ಕಣ್ಣೆದುರಿಗೆ ಆ ಅರ್ಧ ಚಮಚ ತುಪ್ಪ. ದೊಡ್ಡಪ್ಪ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಎಂತದಮ್ಮಾ ಇದು?"

"ಬಾದಾಮಿ ಪಾಯಸ. ಅರಮನೇಲಿ ಮಾಡೋ ಹಂಗೆ ಬಂದಿದೆಯೋ ಇಲ್ವೋ, ನೀವೇ ಹೇಳಬೇಕು."

ಮೂರು ಸಲ ಹಾಕಿಸಿಕೊಂಡು ಕುಡಿದ ಮೇಲೆ ದೊಡ್ಡಪ್ಪ ತೀರ್ಪು ಕೊಟ್ಟರು. "ಅರಮನೆಯದ್ದಕ್ಕೆ ಕೇಸರಿ ಇರ್ತಿತ್ತು. ಅಷ್ಟೇ ವ್ಯತ್ಯಾಸ." ಅಂದಿನಿಂದ ಅವ್ವ ಒಂದು ಚಿಟಿಕೆ ಅರಿಸಿನ ಹಾಕತೊಡಗಿದಳು, ಆ ವ್ಯತ್ಯಾಸವೂ ಹೋಯಿತು. ವಾಯುವಿನ ಸುದ್ದಿ ಮತ್ತೆ ಬರಲಿಲ್ಲ.

ದಾರಿ ಸಿಕ್ಕಿದ ಮೇಲೆ ಅವ್ವ ನಿಲ್ಲಲಿಲ್ಲ. ಬಾಳೆದಿಂಡು ದಿವಾನರ ಕೋಸಂಬರಿಯಾಯಿತು. ಕೆಸುವಿನ ದಂಟು ರೆಸಿಡೆನ್ಸಿ ಪಲ್ಯವಾಯಿತು. ನುಚ್ಚಿನ ಉಪ್ಪಿಟ್ಟಿಗೆ ಮುತ್ತಿನ ಬಾತು ಎಂದು ಹೆಸರಿಟ್ಟ ದಿನ ನನ್ನ ಸಣ್ಣ ತಂಗಿಗೆ ನಗು ತಡೆಯಲಾರದೆ ನೆತ್ತಿಗೆ ಹತ್ತಿ, ಅವ್ವ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ಉಪಚಾರವೋ ಶಿಕ್ಷೆಯೋ ತಿಳಿಯಲಿಲ್ಲ. ನಮಗೂ ಇದರಿಂದ ನಷ್ಟವಿರಲಿಲ್ಲ. ದೊಡ್ಡಪ್ಪನಿಗೆ ಮೋಸ ಮಾಡಬೇಕೆಂದು ಅವ್ವ ಒರಳಿನ ಮುಂದೆ ಪಟ್ಟ ಶ್ರಮದ ಅರ್ಧವನ್ನೂ ನಮಗಾಗಿ ಎಂದೂ ಪಟ್ಟಿರಲಿಲ್ಲ.

ತೊಂದರೆಯೆಂದರೆ ದೊಡ್ಡಪ್ಪ ತಿಂದು ಸುಮ್ಮನಿರುವವರಲ್ಲ. ಬೆಳಗಿನ ತಿಂಡಿಯಾದ ಮೇಲೆ ಕೊಡೆ ಹಿಡಿದು ಗೋಣಿಬೀಡಿಗೆ ಹೋಗಿ, ಡಿಪೋದ ಎದುರಿನ ಅಂಗಡಿಯ ಜಗಲಿಯಲ್ಲಿ ಕೂತು, ನಿನ್ನೆ ಉಂಡದ್ದನ್ನೆಲ್ಲ ವರ್ಣಿಸಿ, ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಹಿಂದಿರುಗುತ್ತಿದ್ದರು. ಡಿಪೋದ ಮುಂದೆ ಚೀಲ ಹಿಡಿದು ಸಾಲು ನಿಂತವರಿಗೆ ಬಾದಾಮಿ ಪಾಯಸದ ವರ್ಣನೆ ಕೇಳಿಸುವುದು ಎಂಥ ಪುಣ್ಯದ ಕೆಲಸ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಶೇಕ್ದಾರರು ಬಂದರು. ನಮ್ಮ ಹೋಬಳಿಗೆ ಸರ್ಕಾರವೆಂದರೆ ಅವರೇ. ಹಿಂದೆ ಒಬ್ಬ ಜವಾನ. ಇಬ್ಬರ ಕಾಲಿಗೂ ಜಿಗಣೆ ಹತ್ತಿತ್ತು, ಆದ್ದರಿಂದ ಇಬ್ಬರ ಮುಖವೂ ಗಂಟಾಗಿತ್ತು. ತೋಟಕ್ಕೆ ಹೊರಟಿದ್ದ ಅಪ್ಪ ಅಂಗಳದಲ್ಲೇ ಕೈಮುಗಿದು ನಿಂತರು, ಮತ್ತೆ ಕೈ ಬಿಡಿಸಲೇ ಇಲ್ಲ.

"ನಿಮ್ಮ ಮೇಲೆ ಒಂದು ಮೂಗರ್ಜಿ ಬಂದಿದೆ ರೈಟರೇ" ಎಂದು ಶೇಕ್ದಾರರು ನಡುಮನೆಯ ಬೆಂಚಿನ ಮೇಲೆ ಕೂತರು. ಹೆಸರು ಹಾಕದೆ ಬರೆಯುವ ದೂರಿಗೆ ನಮ್ಮ ಕಡೆ ಯಾವ ಕಾಲದಲ್ಲೂ ಕಾಗದದ ಅಭಾವ ಬಂದದ್ದಿಲ್ಲ, ಯುದ್ಧ ಕಾಲದಲ್ಲೂ. "ನೀವು ಅಕ್ಕಿ ಬಚ್ಚಿಟ್ಟಿದ್ದೀರಂತೆ."

"ಸ್ವಾಮಿ, ನಾವು... ಸ್ವಾಮಿ..." ಎಂದರು ಅಪ್ಪ. ಅವರ ಅಂದಿನ ವಾದ ಅಷ್ಟಕ್ಕೇ ಮುಗಿಯಿತು.

ಶೇಕ್ದಾರರು ಓದಿದರು. "ಸೋಮವಾರ ಬಾದಾಮಿ ಪಾಯಸ. ಮಂಗಳವಾರ ಮುತ್ತಿನ ಬಾತು, ಜೊತೆಗೆ ದಿವಾನರ ಕೋಸಂಬರಿ. ಬುಧವಾರ ಪುನಃ ಬಾದಾಮಿ ಪಾಯಸ, ಕೇಸರಿ ಸಹಿತ..." ಅವರು ಕಾಗದ ಕೆಳಗಿಟ್ಟರು. "ಇದು ಅರ್ಜಿಯೋ ಮದುವೆ ಊಟದ ಪಟ್ಟಿಯೋ? ಬೆಳಿಗ್ಗೆ ಹಸಿದ ಹೊಟ್ಟೇಲಿ ಓದಿ ನನಗೇ ಸಂಕಟ ಆಯ್ತು. ಬಾದಾಮಿ ಎಲ್ಲಿಂದ ಬರುತ್ತೆ ತಾಯಿ? ನಾನು ಬಾದಾಮಿ ಕಂಡು ಎರಡು ವರ್ಷ ಆಯ್ತು."

ಅವ್ವ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಎದುರಿಗೇ ಪೆಟ್ಟಿಗೆಯ ಮೇಲೆ ದೊಡ್ಡಪ್ಪ. ಶೇಕ್ದಾರರು ಬಂದರೆಂದು ಜರಿ ಪೇಟ ಸುತ್ತಿಕೊಂಡು, ಸಾಕ್ಷಿ ಹೇಳಲು ಸಿದ್ಧರಾಗಿ ಕೂತಿದ್ದರು. ಅವ್ವ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಶೇಕ್ದಾರರನ್ನು ನೋಡಿದಳು. ನನಗೆ ಅವಳ ಕಷ್ಟ ಅರ್ಥವಾಯಿತು. ನಿಜ ಹೇಳಿದರೆ ಭಾವನ ಮಾನ ಹೋಗುತ್ತದೆ, ಸುಳ್ಳು ಹೇಳಿದರೆ ಗಂಡನ ಕೆಲಸ ಹೋಗುತ್ತದೆ.

"ಬಾದಾಮಿ ಅಲ್ಲ ಸ್ವಾಮಿ" ಎಂದಳು ಕೊನೆಗೆ, ನೆಲ ನೋಡುತ್ತ. "ಹಲಸಿನ ಬೀಜ."

ಅವಳು ಒಳಗಿಂದ ಗಡಿಗೆ ತಂದಿಟ್ಟಳು. ಕೆಂಪು ಮಣ್ಣಿನಲ್ಲಿ ಹೂತಿಟ್ಟ ಬೀಜಗಳು. ಕೋಸಂಬರಿ ಬಾಳೆದಿಂಡು ಎಂದಳು. ಮುತ್ತು ಎಂದರೆ ಡಿಪೋ ನುಚ್ಚು ಎಂದಳು. ಕೇಸರಿ ಯಾವುದೆಂದು ಶೇಕ್ದಾರರು ಕೇಳಿದಾಗ, "ಅರಿಸಿನ" ಎಂದು ಅವಳು ಹೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಜವಾನ ಮೊದಲು ನಕ್ಕ. ಆಮೇಲೆ ಶೇಕ್ದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ದೊಡ್ಡಪ್ಪನ ಮುಖ ನೋಡಬಾರದಿತ್ತು, ನೋಡಿದೆ. ಅಲ್ಲಿಯವರೆಗೆ ಅವರು ನಮಗೊಂದು ತಮಾಷೆಯಾಗಿದ್ದರು. ಪೇಟದ ಕೆಳಗೆ ಆ ದೊಡ್ಡ ಮುಖ ನಿಧಾನವಾಗಿ ಇಳಿದು ಹೋಯಿತು. ಅವರ ಬಾಯಿ ಏನನ್ನೋ ಅಗಿಯುವಂತೆ ಎರಡು ಸಲ ಆಡಿ ನಿಂತಿತು. ನನಗೆ ನಗು ಬರಲಿಲ್ಲ.

ವಿಷಯ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಬಂದಿದ್ದಕ್ಕೆ ಏನಾದರೂ ಬರೆದುಕೊಳ್ಳಬೇಕಲ್ಲ. ಜವಾನ ಅಡಿಗೆಮನೆ ನೋಡಿದ, ಅಟ್ಟ ಹತ್ತಿದ. ಉಪ್ಪುನೀರಲ್ಲಿ ಹಾಕಿದ ಹಲಸಿನ ತೊಳೆ, ಮಾವಿನ ಮಿಡಿ, ಒಣಗಿಸಿದ ಹಪ್ಪಳ ಕಂಡು ಇಳಿದು ಬಂದ. ಕೊನೆಗೆ ಅವನ ಕಣ್ಣು ನಡುಮನೆಯ ಪೆಟ್ಟಿಗೆಯ ಮೇಲೆ ಬಿತ್ತು.

"ಅದರಲ್ಲಿ ಎಂತ ಇದೆ?"

ಅವ್ವನ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಬೆರಳ ಗೆಣ್ಣು ಬೆಳ್ಳಗಾಗಿದ್ದು ಕಂಡೇ ನನಗೆ ಗೊತ್ತಾಯಿತು, ಆರಿಸಿದ ಇಡೀ ಕಾಳು ಇಷ್ಟು ದಿನ ಎಲ್ಲಿಗೆ ಹೋಗುತ್ತಿತ್ತು ಎಂದು. ಅಕ್ಕ ಬಸುರಿ. ದೀಪಾವಳಿ ಕಳೆದ ಮೇಲೆ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೆ ಕಲ್ಲು ನುಚ್ಚು ಹಾಕುವುದುಂಟೇ ಎಂದು ಅವ್ವ ದಿನಕ್ಕೊಂದು ಹಿಡಿ ಎತ್ತಿಟ್ಟಿದ್ದಳು. ಆಗಿನ ಕಾನೂನು ಬಹಳ ಸರಳ. ಕಾರ್ಡಿನ ಅಕ್ಕಿಯನ್ನು ಒಂದೇ ದಿನ ಬೇಯಿಸಿ ನಾಯಿಗೆ ಹಾಕಿದರೆ ಯಾರೂ ಕೇಳುವುದಿಲ್ಲ. ತಿನ್ನದೆ ಉಳಿಸಿ ಗುಡ್ಡೆ ಹಾಕಿದರೆ ಅಪರಾಧ.

ದೊಡ್ಡಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತೂ ಬೇಡ, ಎದ್ದು ನಿಂತಿದ್ದರೆ ಸಾಕಿತ್ತು. ಹತ್ತು ನಿಮಿಷದ ಹಿಂದೆ ನಾವೆಲ್ಲ ಸೇರಿ ಅವರ ಮಾನ ತೆಗೆದಿದ್ದೆವು.

ಅವರು ಗಂಟಲು ಸರಿಮಾಡಿಕೊಂಡರು.

"ಇದರಲ್ಲಿ ತೀರಿಹೋದ ನನ್ನ ಹೆಂಡತಿ ಸೀರೆ ಇದಾವೆ ಸ್ವಾಮಿ. ನೋಡಬೇಕು ಅಂದ್ರೆ ಧಾರಾಳವಾಗಿ ನೋಡಿ. ಆದರೆ ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡು ಬಿಟ್ಟಿದೆ. ನನ್ನ ಕೈಲಿ ಏಳೋಕಾಗಲ್ಲ. ನಿಮ್ಮ ಜವಾನ ನನ್ನನ್ನ ಎತ್ತಿ ಕೆಳಗೆ ಕೂರಿಸಿದರೆ ಆಯ್ತು."

ಜವಾನ ದೊಡ್ಡಪ್ಪನನ್ನು ಪೇಟದಿಂದ ಪಾದದವರೆಗೆ ಅಳೆದು ನೋಡಿದ. ಅವನು ಬಡಕಲು ಮನುಷ್ಯ, ಜೊತೆಗೆ ಎರಡು ಮೈಲಿ ಏರು ಹತ್ತಿ ಬಂದಿದ್ದ. ಅವನು ಶೇಕ್ದಾರರ ಕಡೆ ತಿರುಗಿದ ರೀತಿ ಕಂಡರೆ ಕಲ್ಲಿಗೂ ಕನಿಕರ ಬರಬೇಕು.

"ಇರಲಿ ಬಿಡೋ ಮಾರಾಯ" ಎಂದರು ಶೇಕ್ದಾರರು. "ಹೆಂಗಸರ ಸೀರೆ ತೆಗೆದು ನೋಡೋದು ಎಂತಕ್ಕೆ." ಆಮೇಲೆ ಅವ್ವನ ಕಡೆ ನೋಡಿ, ಸರ್ಕಾರಿ ಧ್ವನಿಯಲ್ಲೇ ಹೇಳಿದರು. "ಆದರೆ ಹಲಸಿನ ಬೀಜದಿಂದ ಬಾದಾಮಿ ಪಾಯಸ ಆಗುತ್ತೆ ಅನ್ನೋದಕ್ಕೆ ರುಜುವಾತು ಬೇಕು ತಾಯಿ."

ಶೇಕ್ದಾರರು ನಮ್ಮ ಪೈಕಿಯವರೇ ಆದ್ದರಿಂದ ಊಟಕ್ಕೆ ಅಡ್ಡಿಯಿರಲಿಲ್ಲ. ಅವ್ವ ಒಲೆ ಹೊತ್ತಿಸಿದಳು. ನಾನು ಬೀಜ ಸುಲಿದೆ, ತಂಗಿ ಕಾಯಿ ತುರಿದಳು. ನುಚ್ಚಿನ ಕಡುಬು, ಬಾಳೆದಿಂಡಿನ ಗೊಜ್ಜು, ಒಂದೆಲಗದ ತಂಬುಳಿ, ಕೊನೆಗೆ ಪಾಯಸ. ಸೊಂಟ ಹಿಡಿದವರು ಏಳುವಂತಿಲ್ಲವಲ್ಲ, ದೊಡ್ಡಪ್ಪನಿಗೆ ಪೆಟ್ಟಿಗೆಯ ಮೇಲೇ ಬಡಿಸಿದ್ದಾಯಿತು. ಅವರು ತಲೆಯೆತ್ತದೆ ಉಂಡರು. ಪಾಯಸ ಬಂದಾಗ ಲೋಟಕ್ಕೆ ಕೈ ಅಡ್ಡ ಹಿಡಿದರು. ಶೇಕ್ದಾರರು ಮಾತ್ರ ರುಜುವಾತು ಸಾಲದೆಂಬಂತೆ ನಾಲ್ಕು ಲೋಟ ಪರೀಕ್ಷಿಸಿ, ಜವಾನನಿಂದಲೂ ಪರೀಕ್ಷೆ ಮಾಡಿಸಿ, ಅರ್ಜಿಯ ಹಿಂದೆ ಏನೋ ಬರೆದುಕೊಂಡು ಹೊರಟರು. ಹೊರಡುವಾಗ ಮಾಡುವ ವಿಧಾನವನ್ನು ಎರಡು ಸಲ ಕೇಳಿದರು, ತಮ್ಮ ಮನೆಯವರಿಗೆ ಹೇಳಲಿಕ್ಕೆಂದು.

ಅವರು ಗೇಟು ದಾಟಿದ ಮೇಲೆ ಅಪ್ಪ ಮುಗಿದ ಕೈ ಬಿಡಿಸಿದರು. ಅವ್ವ ದೊಡ್ಡಪ್ಪನ ಮುಂದೆ ಬಂದು ನಿಂತಳು.

"ಭಾವ, ನಿಮಗೆ ಗೊತ್ತಿತ್ತಾ?"

"ಇಪ್ಪತ್ತು ವರ್ಷ ಉಗ್ರಾಣ ನೋಡಿದೀನಿ" ಎಂದರು ದೊಡ್ಡಪ್ಪ ಗೋಡೆ ನೋಡುತ್ತ. "ಅಕ್ಕಿ ಮೇಲೆ ಮಲಗಿದ್ದು ಗೊತ್ತಾಗಲ್ವೇನಮ್ಮಾ? ಹುಳ ಬೀಳದಿರಲಿ ಅಂತ ಲಕ್ಕಿ ಸೊಪ್ಪು ಹಾಕಿದೀಯ. ಮೂಗಿಗೆ ಬಡಿಯುತ್ತೆ. ಸೀರೆಗೆ ಯಾರು ಲಕ್ಕಿ ಸೊಪ್ಪು ಹಾಕ್ತಾರೆ?"

"ಪಾಯಸದ್ದು?"

"ಅದು ಗೊತ್ತಿರಲಿಲ್ಲ" ಎಂದರು. "ನಾನು ಉಗ್ರಾಣದವನು. ಅಡಿಗೆಯವನಲ್ಲ."

ಮೂರು ದಿನ ಅವರು ಗೋಣಿಬೀಡಿಗೆ ಹೋಗಲಿಲ್ಲ. ಬಡಿಸಿದ್ದನ್ನು ಉಂಡು, ಕೈತೊಳೆದು, ಪೆಟ್ಟಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಕಡಿಮೆ ಉಣ್ಣುವುದು ನೋಡಲಿಕ್ಕೆ ಚೆನ್ನಾಗಿರಲಿಲ್ಲ. ಕುಹಕದಲ್ಲಿ ಯಾರಿಗೂ ಕಡಿಮೆಯಿಲ್ಲದ ಅವ್ವ ಆ ಮೂರು ದಿನ ಒಂದು ಮಾತೂ ಆಡದೆ, ಅವರ ತಟ್ಟೆಗೆ ಮಾತ್ರ ಒಗ್ಗರಣೆಯನ್ನು ಬೇರೆಯಾಗಿ ಹಾಕುತ್ತಿದ್ದಳು. ನಾಲ್ಕನೆಯ ದಿನ ಅವಳು ಪಾಯಸದ ಲೋಟ ತಂದಿಟ್ಟಳು.

"ಹಲಸಿನ ಬೀಜದ್ದಾ?" ಎಂದರು ದೊಡ್ಡಪ್ಪ.

"ಹೌದು ಭಾವ."

"ಇವತ್ತು ಬೆಲ್ಲ ಒಂಚೂರು ಕಡಿಮೆ ಆಗಿದೆ" ಎಂದು ಕುಡಿದು ಮುಗಿಸಿ, ಇನ್ನೊಂದು ಲೋಟ ಕೇಳಿದರು.

ಅಕ್ಕ ಕಾರ್ತಿಕದಲ್ಲಿ ಬಂದಳು. ಪುಷ್ಯದಲ್ಲಿ ಹೆಣ್ಣುಮಗು ಹುಟ್ಟಿತು. ಪೆಟ್ಟಿಗೆ ತೆಗೆದ ದಿನದಿಂದ ದೊಡ್ಡಪ್ಪ ಅದರ ಅಧಿಕಾರ ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಾಸಿಗೆ ಸುತ್ತಿ, ಮುಚ್ಚಳ ಎತ್ತಿ, ಪಾವಿನಲ್ಲಿ ಅಕ್ಕಿ ಅಳೆದು, ಪಾವಿನ ಬಾಯಿಯನ್ನು ಕೈಯಿಂದ ಸಮ ಮಾಡಿ ಅವ್ವನ ಮೊರಕ್ಕೆ ಹಾಕುತ್ತಿದ್ದರು. ಮೆಣಸಿನ ಸಾರು, ತುಪ್ಪ, ಆ ಬಿಳಿ ಅನ್ನ ಬಾಣಂತಿಯ ಕೋಣೆಗೆ ಹೋಗುವಾಗ ನಾವು ಮೂವರೂ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದೆವು. ಒಂದು ತುತ್ತು ಅಕ್ಕನ ಕೈಯಿಂದ ನಮಗೆ ಬಂದರೂ ದೊಡ್ಡಪ್ಪ ಗದರುತ್ತಿದ್ದರು. ತಾವು ಮಾತ್ರ ಒಂದು ಅಗುಳೂ ಮುಟ್ಟಲಿಲ್ಲ. ಅರಮನೆಯೋ ಛತ್ರವೋ, ಎಲ್ಲಿಯೇ ಆಗಲಿ, ಆ ಮನುಷ್ಯ ಉಗ್ರಾಣವನ್ನು ಚೆನ್ನಾಗಿ ನೋಡಿಕೊಂಡಿರಬೇಕು ಎಂದು ಅಪ್ಪ ಹೇಳಿದರು. ತಮ್ಮನ ಬಾಯಲ್ಲಿ ಅಣ್ಣನ ಬಗ್ಗೆ ಬಂದ ಒಳ್ಳೆಯ ಮಾತು ನಾನು ಕೇಳಿದ್ದು ಅದೊಂದೇ. ಮೂರು ತಿಂಗಳು ತುಂಬಿ ಅಕ್ಕ ಕಳಸಕ್ಕೆ ಹೊರಟಾಗ ಪೆಟ್ಟಿಗೆಯ ತಳದಲ್ಲಿ ಇನ್ನೂ ಎರಡು ಪಾವು ಉಳಿದಿತ್ತು. ಅದನ್ನು ಅವಳ ಬುತ್ತಿಗೆ ಕಟ್ಟಿದರು.

ದೊಡ್ಡಪ್ಪ ಇನ್ನೂ ಒಂದೂವರೆ ವರ್ಷ ನಮ್ಮಲ್ಲೇ ಇದ್ದರು. ಯುದ್ಧ ಮುಗಿದ ಮೇಲೆ ಮೈಸೂರಿನಿಂದ ಅವರ ಹೆಂಡತಿಯ ತಮ್ಮ ಕರೆದು ಬರೆದರು. ಬೀಳ್ಕೊಡಲು ನಾನೂ ಅವ್ವನೂ ಗೋಣಿಬೀಡಿನವರೆಗೆ ಹೋದೆವು. ಬಸ್ಸು ಹೊರಟಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಳು ಇದ್ದಿಲ ಬಸ್ಸು, ಹೊಗೆ ಕಣ್ಣಿಗೇ ಬರುತ್ತೆ" ಎಂದಳು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಆ ಬಸ್ಸು ಮತ್ತೆ ಪೆಟ್ರೋಲಿಗೆ ಬಂದು ಆಗಲೇ ಕೆಲವು ತಿಂಗಳಾಗಿತ್ತು. ವಾಪಸು ಬರುವಾಗ ದಾರಿಯ ಬದಿಯಲ್ಲಿ ಎಳೆಯ ಕೆಸು ಕಂಡಿತು. ಇಬ್ಬರೂ ನಿಂತು ಒಂದು ಮಡಿಲು ಎಲೆ ಕೊಯ್ದುಕೊಂಡೆವು.